ಆಡುವ ಕೈ ಆಟ ಕಟ್ಟಲಿ

ಬಳ್ಳಾರಿಯ ಬಿಸಿಲಿನ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಏಪ್ರಿಲ್ ಬಂತೆಂದರೆ ಬೆಳಗ್ಗೆ ಹನ್ನೊಂದಕ್ಕೇ ಬೀದಿ ಬಿಕೋ ಎನ್ನುತ್ತದೆ. ಶಾಲೆಗೆ ರಜೆ. ಮಕ್ಕಳನ್ನು ಹೊರಗೆ ಕಳಿಸೋಣವೆಂದರೆ ಬಿಸಿಲು, ಒಳಗೆ ಕೂರಿಸೋಣವೆಂದರೆ ಮೊಬೈಲು. ನಗರದ ಕೌಲ್‌ಬಜಾರಿನ ಓಣಿಯಾಗಲಿ, ಸಿರುಗುಪ್ಪದ ಭತ್ತದ ವ್ಯಾಪಾರಿಯ ಮನೆಯಾಗಲಿ, ಕುರುಗೋಡಿನ ಗುಡ್ಡದ ಬುಡದ ಮನೆಯಾಗಲಿ, ಮಧ್ಯಾಹ್ನದ ನೋಟ ಒಂದೇ. ಗೋಡೆಗೆ ಒರಗಿ ಕುಳಿತ ಹುಡುಗ, ಬಗ್ಗಿದ ಕತ್ತು, ಪರದೆಯ ಮೇಲೆ ಓಡುವ ಎರಡು ಹೆಬ್ಬೆರಳು. ಊಟಕ್ಕೆ ಕರೆದರೆ ಬರುವ ಉತ್ತರವೂ ಒಂದೇ. "ಅಮ್ಮಿ, ಇನ್ನೊಂದೇ ಒಂದು ಮ್ಯಾಚ್!"

ನೀವು ಬೈದಿದ್ದೀರಿ. ಮೊಬೈಲ್ ಕಸಿದುಕೊಂಡಿದ್ದೀರಿ. ಎರಡು ದಿನ ಮನೆಯಲ್ಲಿ ಮುನಿಸು, ಮೂರನೆಯ ದಿನ ಮತ್ತೆ ಅದೇ ಕತೆ. ಆದರೆ ಇದೇ ಹುಡುಗ ಒಂದು ದಿನ ತಲೆಯೆತ್ತಿ, "ಅಬ್ಬ, ಈ ಗೇಮನ್ನೆಲ್ಲ ಯಾರು ಮಾಡ್ತಾರೆ? ನನಗೂ ಮಾಡೋಕ್ಕೆ ಬರುತ್ತಾ?" ಎಂದು ಕೇಳಿದರೆ ನೀವೇನು ಹೇಳುತ್ತೀರಿ? ಹೆಚ್ಚಿನ ಹೆತ್ತವರು, "ಸುಮ್ಮನೆ ಓದ್ಕೋ ಹೋಗು" ಎಂದುಬಿಡುತ್ತಾರೆ. ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಚಿಲಕ ಹಾಕುವುದೆಂದರೆ ಇದೇ. ಆ ಪ್ರಶ್ನೆಗೆ "ಬರುತ್ತೆ, ಬಾ ನೋಡೋಣ" ಎನ್ನುವವರಿಗಾಗಿ ಈ ಲೇಖನ.

ಆಟವೆಂದರೆ ನಿಯಮಗಳ ಗಂಟು

ಗೇಮ್ ಪ್ರೋಗ್ರಾಮಿಂಗ್ ಎಂದೊಡನೆ ದೊಡ್ಡ ದೊಡ್ಡ ಕಂಪ್ಯೂಟರುಗಳು, ಅರ್ಥವಾಗದ ಇಂಗ್ಲಿಷ್ ಸಾಲುಗಳು ಕಣ್ಣೆದುರು ಬರುತ್ತವೆ. ನಿಜವಾಗಿ ಅದು ಮನೆಯ ಆಟಕ್ಕಿಂತ ಬೇರೆಯೇನಲ್ಲ. ಯಾವ ಆಟದಲ್ಲೂ ಮೂರು ಸಂಗತಿಗಳಿರುತ್ತವೆ. ಈಗ ಯಾವುದು ಎಲ್ಲಿದೆ ಎಂಬ ಲೆಕ್ಕ, ಯಾರು ಏನು ಮಾಡಬಹುದು ಎಂಬ ನಿಯಮ, ಗೆಲುವು ಸೋಲು ಯಾವಾಗ ಎಂಬ ತೀರ್ಮಾನ. ಅಂಗಳದಲ್ಲಿ ಆಡುವಾಗ ಈ ಮೂರನ್ನೂ ಮಕ್ಕಳೇ ಜಗಳವಾಡುತ್ತ ನಡೆಸಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಮಾತ್ರ ಏನೊಂದೂ ತಾನಾಗಿ ಹೊಳೆಯುವುದಿಲ್ಲ. ಒಂದೊಂದನ್ನೂ ಬಿಡಿಸಿ ಹೇಳಬೇಕು. ಹಾಗೆ ಬಿಡಿಸಿ ಹೇಳುವ ಕೆಲಸವೇ ಪ್ರೋಗ್ರಾಮಿಂಗ್.

ಜಗತ್ತಿನ ಹೆಸರಾಂತ ಆಟಗಳೂ ಬಹಳ ಸರಳ ನಿಯಮಗಳಿಂದಲೇ ಹುಟ್ಟಿದವು. 1984ರಲ್ಲಿ ರಷ್ಯಾದ ಅಲೆಕ್ಸೀ ಪಜಿತ್ನೊವ್ ರೂಪಿಸಿದ ಟೆಟ್ರಿಸ್‌ನಲ್ಲಿ ಮೇಲಿನಿಂದ ತುಂಡುಗಳು ಬೀಳುತ್ತವೆ, ಸಾಲು ತುಂಬಿದರೆ ಮಾಯವಾಗುತ್ತದೆ, ಅಷ್ಟೆ. 1997ರಲ್ಲಿ ನೋಕಿಯಾ ಫೋನಿನಲ್ಲಿ ಬಂದ ಹಾವಿನ ಆಟ ನಿಮಗೂ ನೆನಪಿರಬೇಕು. ತಿಂದರೆ ಉದ್ದವಾಗುತ್ತದೆ, ತನ್ನ ಮೈಗೆ ತಾನೇ ತಾಗಿದರೆ ಆಟ ಮುಗಿಯಿತು. ಹೊಸಬರು ಮೊದಲು ಕಲಿಯಬೇಕಾದ ಪಾಠವೂ ಇದೇ. ಈಗ ಆಡುತ್ತಿರುವ ಯುದ್ಧದ ಆಟದಂಥದ್ದನ್ನೇ ಮಾಡುತ್ತೇನೆಂದು ಹೊರಟ ಹುಡುಗ ಹತ್ತು ದಿನದಲ್ಲಿ ಕೈಬಿಡುತ್ತಾನೆ. ಅದಕ್ಕೆ ನೂರಾರು ಜನ ವರ್ಷಗಟ್ಟಲೆ ದುಡಿದಿರುತ್ತಾರೆ. ಚಿಕ್ಕದನ್ನು ಶುರುಮಾಡಿ ಪೂರ್ತಿ ಮುಗಿಸಿದವನೇ ಮುಂದೆ ಹೋಗುತ್ತಾನೆ.

ಏನೇನು ಬೇಕು?

ಹೊಸ ಕಂಪ್ಯೂಟರ್ ಕೊಳ್ಳಲು ಓಡಬೇಡಿ. ಯಾರೋ ಬಳಸಿ ಬಿಟ್ಟ ಸಾಧಾರಣ ಲ್ಯಾಪ್‌ಟಾಪ್ ಮೊದಲ ವರ್ಷಕ್ಕೆ ಧಾರಾಳ ಸಾಕು. ಹರಿಕಾರರಿಗೆ ಅತ್ಯಂತ ಹೊಂದುವ ಸಲಕರಣೆ ಸ್ಕ್ರ್ಯಾಚ್. ಅಮೆರಿಕದ ಎಂಐಟಿ ಸಂಸ್ಥೆ 2007ರಲ್ಲಿ ಮಕ್ಕಳಿಗೆಂದೇ ಹೊರತಂದ ಈ ತಂತ್ರಾಂಶ ಪೂರ್ತಿ ಉಚಿತ. ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಇದರಲ್ಲಿ ಕೋಡನ್ನು ಟೈಪ್ ಮಾಡಬೇಕಿಲ್ಲ. ಬಣ್ಣ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರಾಯಿತು.

ಬಳ್ಳಾರಿ ನಗರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕಂಪ್ಯೂಟರ್ ಓದುವ ಒಬ್ಬ ಹುಡುಗನೋ ಹುಡುಗಿಯೋ ನಿಮ್ಮ ಓಣಿಯಲ್ಲೇ ಇರಬಹುದು. ವಾರಕ್ಕೊಂದು ಗಂಟೆ ಬಂದು ಕೂರುವಂತೆ ಕೇಳಿ ನೋಡಿ. ಸಿರುಗುಪ್ಪ, ಕುರುಗೋಡಿನ ಕಡೆಯವರಾದರೆ ಶಾಲೆಯ ಕಂಪ್ಯೂಟರ್ ಕೋಣೆಯನ್ನು ರಜೆಯಲ್ಲಿ ಎರಡು ತಾಸು ತೆರೆಯುವಂತೆ ಮುಖ್ಯೋಪಾಧ್ಯಾಯರನ್ನು ವಿನಂತಿಸಬಹುದು. ಸುತ್ತಲಿನ ಹಳ್ಳಿಗಳವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು, ಅಂದರೆ ಅರಿವು ಕೇಂದ್ರವನ್ನು, ವಿಚಾರಿಸಲಿ. ಹಲವೆಡೆ ಅಲ್ಲಿ ಮಕ್ಕಳ ಬಳಕೆಗೆಂದು ಕಂಪ್ಯೂಟರ್ ಇಡಲಾಗಿದೆ. ಏನೂ ಇಲ್ಲ, ಫೋನೊಂದೇ ಗತಿ ಎನ್ನುವವರಿಗೆ ಪಾಕೆಟ್ ಕೋಡ್ ಎಂಬ ಉಚಿತ ಆ್ಯಪ್ ಇದೆ. ಅದರಲ್ಲೂ ತುಂಡುಗಳನ್ನು ಜೋಡಿಸಿಯೇ ಆಟ ಕಟ್ಟುವುದು. ಇನ್ನು ಎಲ್ಲರಿಗೂ ಬೇಕಾದುದು ಒಂದು ನೋಟ್‌ಬುಕ್ ಮತ್ತು ಪೆನ್ಸಿಲು. ಮೊದಲು ಕಾಗದದ ಮೇಲೆ, ಆಮೇಲೆ ಪರದೆಯ ಮೇಲೆ. ಈ ಕ್ರಮ ತಪ್ಪದಿರಲಿ.

ಮೊದಲ ವಾರ: ಬುಟ್ಟಿಯ ಆಟ

ಮೊದಲ ಆಟ ಹೀಗಿರಲಿ. ಮೇಲಿನಿಂದ ಒಂದು ವಸ್ತು ಬೀಳುತ್ತದೆ. ಕೆಳಗೆ ಬುಟ್ಟಿ ಇದೆ. ಬಾಣದ ಗುರುತಿನ ಕೀಲಿ ಒತ್ತಿದರೆ ಬುಟ್ಟಿ ಎಡಕ್ಕೆ ಬಲಕ್ಕೆ ಸರಿಯುತ್ತದೆ. ಬಿದ್ದದ್ದನ್ನು ಹಿಡಿದರೆ ಒಂದು ಅಂಕ. ಚಿತ್ರವನ್ನು ಮಗುವೇ ಬರೆಯಲಿ. ಬಳ್ಳಾರಿಯ ಮಗು ಜೀನ್ಸ್ ಗುಂಡಿಗಳನ್ನು ಬೀಳಿಸಲಿ, ಸಿರುಗುಪ್ಪದ್ದು ಭತ್ತದ ಚೀಲವನ್ನು, ಕುರುಗೋಡಿನದು ಕೆಂಪು ಮೆಣಸಿನಕಾಯಿಯನ್ನು.

ಸ್ಕ್ರ್ಯಾಚ್ ಪರದೆಯ ನಟ್ಟನಡುವೆ ಸೊನ್ನೆ ಇರುತ್ತದೆ. ಬಲಕ್ಕೆ 240ರವರೆಗೆ, ಎಡಕ್ಕೆ ಮೈನಸ್ 240ರವರೆಗೆ, ಮೇಲೆ 180, ಕೆಳಗೆ ಮೈನಸ್ 180. ಶಾಲೆಯ ಗ್ರಾಫ್ ಹಾಳೆಯೇ ಇದು. ಮೈನಸ್ ಅಂಕಿಗಳಿಂದ ಏನು ಪ್ರಯೋಜನ ಎಂದು ಕೇಳುತ್ತಿದ್ದ ಮಗುವಿಗೆ ಇಲ್ಲಿ ಉತ್ತರ ಸಿಗುತ್ತದೆ. ಮೆಣಸಿನಕಾಯಿಗೆ ಕೊಡಬೇಕಾದ ಆಜ್ಞೆಗಳು ನಾಲ್ಕೇ.

1. ಆಟ ಶುರುವಾದಾಗ ಪರದೆಯ ಮೇಲ್ತುದಿಗೆ ಹೋಗು. ಎಡ ಬಲ ಎಲ್ಲಾದರೂ ಸರಿ.
2. ನಿನ್ನ ಎತ್ತರದಿಂದ 5 ಕಳೆಯುತ್ತಲೇ ಇರು.
3. ಬುಟ್ಟಿಗೆ ತಾಗಿದರೆ ಅಂಕಕ್ಕೆ 1 ಕೂಡಿಸಿ ಮತ್ತೆ ಮೇಲಕ್ಕೆ ಹೋಗು.
4. ನೆಲ ಮುಟ್ಟಿದರೆ ಅಂಕವಿಲ್ಲದೆ ಮೇಲಕ್ಕೆ ಹೋಗು.

ಕಂಪ್ಯೂಟರ್ ಎರಡನೆಯ ಆಜ್ಞೆಯನ್ನು ಒಂದು ಸೆಕೆಂಡಿಗೆ ಸುಮಾರು 30 ಸಲ ನಡೆಸುತ್ತದೆ. ಹಾಗಾಗಿ ಮೇಲಿನಿಂದ ಕೆಳಗೆ ಬೀಳಲು ಎರಡು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಆ 5ನ್ನು ಅಳಿಸಿ 10 ಎಂದು ಬರೆಯಲಿ. ಬೀಳುವ ಹೊತ್ತು ಅರ್ಧಕ್ಕಿಳಿಯುತ್ತದೆ, ಆಟ ಒಮ್ಮೆಲೇ ಕಷ್ಟವಾಗುತ್ತದೆ. ಆಟವನ್ನು ಕಷ್ಟವೋ ಸುಲಭವೋ ಮಾಡುವ ಕಿವಿ ತನ್ನ ಕೈಯಲ್ಲೇ ಇದೆ ಎಂದು ಮಗುವಿಗೆ ಮೊದಲ ಬಾರಿಗೆ ತಿಳಿಯುವುದು ಆ ಗಳಿಗೆಯಲ್ಲಿ.

ಎರಡನೆಯ ಆಟ: ದಾದಿಯ ಅಳಗುಳಿ ಮಣೆ

ಬುಟ್ಟಿಯ ಆಟ ಮುಗಿಯಿತೇ? ಈಗ ಮಗುವನ್ನು ದಾದಿಯ ಬಳಿ ಕಳಿಸಿ. ನಿಮ್ಮ ಮನೆಯ ಅಟ್ಟದ ಮೇಲೆ ಅಳಗುಳಿ ಮಣೆ ಈಗಲೂ ಇರಬಹುದು. ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ ಗುಳಿ ಬರೆದರೂ ಆದೀತು. ಒಂದು ಸಾಲಿಗೆ 7ರಂತೆ ಎರಡು ಸಾಲು, ಒಟ್ಟು 14 ಗುಳಿ. ಗುಳಿಗೆ 5 ಹುಣಸೆ ಬೀಜದಂತೆ ಒಟ್ಟು 70 ಬೀಜ. ಇಲ್ಲಿ ದಾಳವಿಲ್ಲ, ಅದೃಷ್ಟದ ಮಾತಿಲ್ಲ. ಲೆಕ್ಕ ಬಲ್ಲವರು ಗೆಲ್ಲುತ್ತಾರೆ.

ಈ ಆಟದ ನಿಯಮ ಊರಿಂದೂರಿಗೆ, ಮನೆಯಿಂದ ಮನೆಗೆ ಬದಲಾಗುತ್ತದೆ. ನಿಮ್ಮ ದಾದಿ ಆಡಿದ ನಿಯಮವೇ ನಿಮಗೆ ಸರಿ. ಅವರು ಹೇಳುತ್ತ ಹೋಗಲಿ, ಮಗು ಬರೆದುಕೊಳ್ಳಲಿ. ಬಹಳ ಕಡೆ ಇರುವ ಒಂದು ಕ್ರಮವನ್ನು ಇಲ್ಲಿ ಹೇಳುತ್ತೇನೆ. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯ ಬೀಜ ಎತ್ತಿಕೊಂಡು ಮುಂದುವರಿಯಬೇಕು. ಮುಂದಿನ ಗುಳಿ ಖಾಲಿಯಿದ್ದರೆ ಅದನ್ನು ದಾಟಿ, ಆಚೆಯ ಗುಳಿಯಲ್ಲಿರುವುದನ್ನು ಗೆದ್ದುಕೊಳ್ಳಬೇಕು. ಅಲ್ಲಿಗೆ ಸರದಿ ಮುಗಿಯಿತು.

ಇದನ್ನು ಕಂಪ್ಯೂಟರಿಗೆ ಹೇಳುವುದು ಹೇಗೆ? 14 ಗುಳಿಗಳಿಗೆ 1ರಿಂದ 14ರವರೆಗೆ ನಂಬರ್ ಕೊಡಿ. ಸ್ಕ್ರ್ಯಾಚ್‌ನಲ್ಲಿ ಪಟ್ಟಿ ಎಂಬ ಸೌಲಭ್ಯವಿದೆ. 14 ಮನೆಯ ಒಂದು ಪಟ್ಟಿ ಮಾಡಿ ಒಂದೊಂದರಲ್ಲೂ 5 ಎಂದು ಬರೆಯಿರಿ. ಅಲ್ಲಿಗೆ ಮಣೆ ಸಿದ್ಧ. ಬೀಜ ಹಾಕುವುದೆಂದರೆ ಆ ಮನೆಯ ಅಂಕಿಗೆ 1 ಕೂಡಿಸುವುದು. ಎತ್ತುವುದೆಂದರೆ ಅಲ್ಲಿನ ಅಂಕಿಯನ್ನು 'ಕೈ' ಎಂಬ ಹೆಸರಿನಲ್ಲಿ ಇಟ್ಟುಕೊಂಡು ಮನೆಯನ್ನು ಸೊನ್ನೆ ಮಾಡುವುದು. ಕೈ ಸೊನ್ನೆಯಾಗುವವರೆಗೆ ಮುಂದಕ್ಕೆ ಹೋಗುವುದು. ಇಷ್ಟನ್ನು ಮಾಡಿದ ಮಗು ಪಟ್ಟಿ, ಪುನರಾವರ್ತನೆ, ಷರತ್ತು ಎಂಬ ಪ್ರೋಗ್ರಾಮಿಂಗ್‌ನ ಮೂರು ದೊಡ್ಡ ಪಾಠಗಳನ್ನು ಕಲಿತಂತಾಯಿತು.

ತಪ್ಪು ಬಂದರೆ ಹೆದರಬೇಡಿ

ಮೊದಲ ಸಲ ಖಂಡಿತ ತಪ್ಪು ಬರುತ್ತದೆ. ಹುಡುಕುವ ಉಪಾಯ ಹೀಗಿದೆ. ಮೇಲಿನ ನಿಯಮದಂತೆ ಮೊದಲನೆಯ ಗುಳಿಯಿಂದ ಆಟ ಶುರುಮಾಡಿ ನಿಜವಾದ ಬೀಜಗಳಿಂದ ಆಡಿ ನೋಡಿ. ಕೈ ಐದು ಸಲ ತುಂಬುತ್ತದೆ. ಕೊನೆಗೆ 5ನೆಯ ಗುಳಿ ಖಾಲಿ ಸಿಗುತ್ತದೆ. ಅದರಾಚೆಯ 6ನೆಯ ಗುಳಿಯಲ್ಲಿ 7 ಬೀಜ ಗೆಲುವು, ಮಣೆಯ ಮೇಲೆ 63 ಉಳಿಕೆ. ಕಂಪ್ಯೂಟರ್ ಕೂಡ ಇದನ್ನೇ ಹೇಳಬೇಕು.

ಗೆದ್ದದ್ದು, ಉಳಿದದ್ದು ಸೇರಿ ಯಾವಾಗಲೂ 70 ಇರಬೇಕು. ಸ್ಕ್ರ್ಯಾಚ್‌ನಲ್ಲಿ 66 ಬಂದರೆ ತಪ್ಪು ಎಲ್ಲಿದೆ ಎಂದು ಈಗಲೇ ಹೇಳಬಹುದು. 14ನೆಯ ಗುಳಿಯಾದ ಮೇಲೆ 1ಕ್ಕೆ ಮರಳಬೇಕೆಂದು ಮಗು ಹೇಳಿಲ್ಲ. ಕಂಪ್ಯೂಟರ್ ಇಲ್ಲದ 15, 16, 17, 18ನೆಯ ಗುಳಿಗಳಿಗೆ ನಾಲ್ಕು ಬೀಜ ಎಸೆದುಬಿಟ್ಟಿದೆ! ದಾದಿಯ ಕೈಗೆ ಯಾರೂ ಹೇಳಿಕೊಡದೆಯೇ ಗೊತ್ತಿದ್ದ ತಿರುವು ಅದು. ಯಂತ್ರಕ್ಕೆ ಹೇಳಲೇಬೇಕು. "ಗುಳಿ 14 ದಾಟಿದರೆ 1 ಮಾಡು" ಎಂಬ ಒಂದೇ ಸಾಲು ಸೇರಿಸಿದರೆ ಲೆಕ್ಕ ಕೂಡುತ್ತದೆ.

ಇಲ್ಲಿ ಹೆತ್ತವರಿಗೊಂದು ಕಿವಿಮಾತು. ಮಗು ತಪ್ಪಿನಲ್ಲಿ ಸಿಕ್ಕಿಕೊಂಡಾಗ, "ನಿನ್ನಿಂದಾಗದು ಬಿಡು" ಎನ್ನಬೇಡಿ. "ಯಾವ ಹೆಜ್ಜೆಯವರೆಗೆ ಸರಿಯಿತ್ತು?" ಎಂದು ಕೇಳಿ. ಈ ಪ್ರಶ್ನೆ ಕೇಳಲು ನಿಮಗೆ ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ.

ಭಾಷೆಯ ಭಯ

ನಮ್ಮ ಕಡೆಯ ಮಕ್ಕಳ ಕತೆಯೇ ಬೇರೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು. ಇದರ ಮೇಲೆ ಇಂಗ್ಲಿಷ್ ಬೇರೆಯೇ ಎಂದು ಕಂಗೆಡುವವರಿದ್ದಾರೆ. ಮೊದಲ ತಿಂಗಳಿಗೆ ಬೇಕಾಗುವ ಇಂಗ್ಲಿಷ್ ಪದಗಳು ಇಪ್ಪತ್ತೋ ಮೂವತ್ತೋ. ಇಫ್, ಎಲ್ಸ್, ರಿಪೀಟ್, ಫಾರೆವರ್, ಮೂವ್, ಇಂಥವು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವುಗಳ ಮುಂದೆ ಕನ್ನಡದ ಅರ್ಥ ಬರೆದಿಟ್ಟುಕೊಂಡರೆ ವಾರದಲ್ಲಿ ಬಾಯಿಪಾಠವಾಗುತ್ತವೆ. ಯೋಚನೆ ಮಾತ್ರ ಮನೆಮಾತಿನಲ್ಲೇ ನಡೆಯಲಿ. ಆಟದೊಳಗಿನ ಮಾತುಗಳನ್ನು ಕನ್ನಡದಲ್ಲೇ ಬರೆಯಬಹುದು, ಮಗುವಿನ ದನಿಯಲ್ಲೇ ರೆಕಾರ್ಡ್ ಮಾಡಿ ಸೇರಿಸಬಹುದು. ಹಿನ್ನೆಲೆಗೆ ಅಕ್ಕನ ಮೆಹಂದಿಯ ವಿನ್ಯಾಸವನ್ನೇ ಫೋಟೊ ತೆಗೆದು ಹಾಕಲಿ. ಇನ್ನೊಬ್ಬರ ಚಿತ್ರ, ಸಂಗೀತವನ್ನು ಕೇಳದೆ ಎತ್ತಿಕೊಳ್ಳಬಾರದೆಂಬುದನ್ನೂ ಇದೇ ಹೊತ್ತಿನಲ್ಲಿ ಹೇಳಿಕೊಡಿ.

ಸ್ಕ್ರ್ಯಾಚ್ ಕೈವಶವಾದ ಮೇಲೆ, ಹೈಸ್ಕೂಲು ಮಕ್ಕಳು ಪೈಥಾನ್ ಭಾಷೆಗೆ ಹೋಗಲಿ. ಅದರ ಜತೆಗೆ ಆಟಗಳಿಗೆಂದೇ ಪೈಗೇಮ್ ಎಂಬ ಉಚಿತ ಸಲಕರಣೆಯಿದೆ. ಪಿಯುಸಿ ದಾಟಿದವರಿಗೆ ಗೊಡೊ ಇದೆ. ಇದೂ ಉಚಿತ, ಇದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಕೆಲವು ಸಲಕರಣೆಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. 2023ರಲ್ಲಿ ಬಂದ ಗೊಡೊ ನಾಲ್ಕನೆಯ ಆವೃತ್ತಿಯಿಂದ ಆ ತೊಂದರೆ ನೀಗಿದೆ. ಕನ್ನಡದಲ್ಲಿ ಆಟ ಮಾಡಬಯಸುವವರಿಗೆ ಇದು ಸಣ್ಣ ಸಂಗತಿಯಲ್ಲ.

ಗುಟ್ಟು ಬಲ್ಲವನು ಮೋಸ ಹೋಗುವುದಿಲ್ಲ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರೋಣ. ಜೂಜು ನಿಷಿದ್ಧವೆಂದು ನಮ್ಮ ಮಕ್ಕಳಿಗೆ ಚಿಕ್ಕಂದಿನಿಂದಲೇ ಗೊತ್ತು. ಆದರೆ ಅದು ಆಟದ ವೇಷ ತೊಟ್ಟು ಫೋನಿನೊಳಗೆ ಬಂದರೆ ಗುರುತಿಸುವುದು ಹೇಗೆ? ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾನೂನು ಬೇಲಿ ಹಾಕಬಹುದು. ಮಗುವಿನ ಕಣ್ಣು ತೆರೆಸುವ ಕೆಲಸ ಮನೆಯದೇ.

ಒಂದು ಪ್ರಯೋಗ ಮಾಡಿಸಿ. ಸ್ಕ್ರ್ಯಾಚ್‌ನಲ್ಲಿ ಒಂದು ಉಡುಗೊರೆ ಪೆಟ್ಟಿಗೆ ಮಾಡಲಿ. ಅದನ್ನು ಒತ್ತಿದಾಗ ಕಂಪ್ಯೂಟರ್ 1ರಿಂದ 100ರೊಳಗೆ ಒಂದು ಅಂಕಿ ಆರಿಸುತ್ತದೆ. 1 ಬಂದರೆ ಮಾತ್ರ ಬಹುಮಾನ. ಈಗ ಒತ್ತುತ್ತ ಹೋಗಲಿ. ನೂರರಲ್ಲಿ ಒಂದು ಎಂದಮೇಲೆ ನೂರು ಸಲ ಒತ್ತಿದರೆ ಸಿಗಲೇಬೇಕಲ್ಲವೇ ಎಂದು ಮಗು ಎಣಿಸುತ್ತದೆ. ಹಾಗಿಲ್ಲ. ನೂರು ಸಲ ಒತ್ತಿದರೂ ಒಮ್ಮೆಯೂ ಸಿಗದಿರುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು! ಒಂದೊಂದು ಒತ್ತಿಗೆ ಹತ್ತು ರೂಪಾಯಿ ಕೊಟ್ಟಿದ್ದರೆ ಸಾವಿರ ರೂಪಾಯಿ ಕರಗಿರುತ್ತಿತ್ತು. ಆ 100 ಎಂಬ ಅಂಕಿಯನ್ನು 1000 ಮಾಡಲು ಆಟ ಮಾಡಿದವನಿಗೆ ಒಂದು ಸೊನ್ನೆ ಸಾಕು ಎಂಬುದನ್ನೂ ಮಗು ತನ್ನ ಕೈಯಾರೆ ಕಂಡುಕೊಳ್ಳುತ್ತದೆ. ಇದನ್ನು ಕಂಡ ಮಗುವಿಗೆ ಹತ್ತು ಉಪದೇಶ ಬೇಕಾಗುವುದಿಲ್ಲ. ದಿನಾ ಬಂದರೆ ಬಹುಮಾನ, ಇಂದು ತಪ್ಪಿಸಿದರೆ ಎಲ್ಲವೂ ನಷ್ಟ ಎಂಬ ಆಮಿಷಗಳ ಹಿಂದೆಯೂ ಯಾರೋ ಬರೆದ ನಾಲ್ಕು ಸಾಲುಗಳಿವೆ ಎಂದು ಅದಕ್ಕೆ ಅರ್ಥವಾಗುತ್ತದೆ.

ಆಟ ಮಾಡುವವನಿಗೂ ಹೊಣೆಯಿದೆ. ವಿಯೆಟ್ನಾಂನ ಡಾಂಗ್ ನುಯೆನ್ ಎಂಬ ಯುವಕ 2013ರಲ್ಲಿ ಫ್ಲ್ಯಾಪಿ ಬರ್ಡ್ ಎಂಬ ಪುಟ್ಟ ಆಟ ಮಾಡಿದ. ಅದು ಜಗತ್ತಿನಾದ್ಯಂತ ಹುಚ್ಚು ಹಿಡಿಸಿತು, ಕೈತುಂಬ ಹಣ ತಂದಿತು. 2014ರ ಫೆಬ್ರವರಿಯಲ್ಲಿ ಆತನೇ ಅದನ್ನು ಹಿಂತೆಗೆದುಕೊಂಡ. ಜನ ಅದಕ್ಕೆ ಅಂಟಿಕೊಂಡುಬಿಟ್ಟದ್ದು ಆತನನ್ನು ಕಾಡಿತ್ತು. ಈ ಸಂಗತಿಯನ್ನು ಊಟದ ಹೊತ್ತಿನಲ್ಲಿ ಮಕ್ಕಳೊಡನೆ ಚರ್ಚಿಸಿ. ಅವನು ಮಾಡಿದ್ದು ಸರಿಯೇ ಎಂದು ಕೇಳಿ ನೋಡಿ.

ಹಣ ಕಟ್ಟುವ ಮುನ್ನ

"ಮೂರು ತಿಂಗಳಲ್ಲಿ ಗೇಮ್ ಡೆವಲಪರ್, ಕೆಲಸ ಖಾತ್ರಿ" ಎಂಬ ಜಾಹೀರಾತು ನೋಡಿ ಒಡವೆ ಅಡವಿಡುವ ಆತುರ ಬೇಡ. ಸಂಸ್ಥೆಯವರನ್ನು ಎರಡೇ ಪ್ರಶ್ನೆ ಕೇಳಿ. ನಿಮ್ಮಲ್ಲಿ ಕಲಿತವರು ಮುಗಿಸಿದ ಆಟಗಳನ್ನು ಆಡಿ ನೋಡಬಹುದೇ? ಅವರಲ್ಲಿ ಇಬ್ಬರೊಡನೆ ನಾನು ಮಾತಾಡಬಹುದೇ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಉಚಿತವಾಗಿ ಸಿಗುವುದರಲ್ಲಿ ಮೂರು ಆಟ ಮುಗಿಸದ ಮಗುವಿಗೆ ಸಾವಿರಾರು ರೂಪಾಯಿ ಶುಲ್ಕ ಕಟ್ಟುವ ಅಗತ್ಯವೇ ಇಲ್ಲ.

ಇದರಲ್ಲಿ ಭವಿಷ್ಯವಿಲ್ಲವೆಂದಲ್ಲ. ಬೆಂಗಳೂರಿನಲ್ಲಿ 1997ರಲ್ಲೇ ರಾಜೇಶ್ ರಾವ್ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸಂಸ್ಥೆ ಕಟ್ಟಿದರು. 2019ರಲ್ಲಿ ಜಗತ್ಪ್ರಸಿದ್ಧ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ ಸರಕಾರ 2012ರಲ್ಲಿ ಒಂದು ನೀತಿ ತಂದಿತು, 2024ರಲ್ಲಿ ಅದನ್ನು ಹೊಸದಾಗಿ ರೂಪಿಸಿತು. ನಮ್ಮ ಬಳ್ಳಾರಿಯ ಜೀನ್ಸ್ ಕೆಲಸದಲ್ಲಿ ಕತ್ತರಿಸುವವರು, ಹೊಲಿಯುವವರು, ಒಗೆಯುವವರು, ಗುಂಡಿ ಹಾಕುವವರು ಬೇರೆ ಬೇರೆ ಇರುವಂತೆ ಗೇಮ್ ಕೆಲಸದಲ್ಲೂ ಕೋಡ್ ಬರೆಯುವವರು, ಚಿತ್ರ ಬರೆಯುವವರು, ದನಿ ಕೂಡಿಸುವವರು, ಆಡಿ ತಪ್ಪು ಹುಡುಕುವವರು ಬೇರೆ ಬೇರೆ. ಗೇಮ್ ಸಂಸ್ಥೆಗೇ ಹೋಗದಿದ್ದರೂ ಚಿಂತೆಯಿಲ್ಲ. ಇಲ್ಲಿ ಕಲಿತ ಲೆಕ್ಕ, ತಾಳ್ಮೆ ಯಾವ ಕಂಪ್ಯೂಟರ್ ಕೆಲಸಕ್ಕೂ ಬರುತ್ತದೆ.

ಮಗಳನ್ನು ಮರೆಯಬೇಡಿ

ಕಂಪ್ಯೂಟರ್ ಮನೆಗೆ ಬಂದರೆ ಅದರ ಮುಂದೆ ಮೊದಲು ಕೂರುವವನು ಮಗ. ಮಗಳು ಹಿಂದೆ ನಿಂತು ನೋಡುತ್ತಾಳೆ. ಹೀಗಾಗದಿರಲಿ. ಅಳಗುಳಿ ಮಣೆಯ ಲೆಕ್ಕ ತಲೆತಲಾಂತರದಿಂದ ಮನೆಯ ಹೆಣ್ಣುಮಕ್ಕಳ ಬೆರಳ ತುದಿಯಲ್ಲಿತ್ತು. ಮನೆಯಲ್ಲೇ ಕುಳಿತು ಕಲಿಯಬಹುದಾದ, ಮುಂದೆ ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸವಿದು. ಇಬ್ಬರಿಗೂ ದಿನಕ್ಕೆ ಒಂದೊಂದು ಗಂಟೆ, ಗಡಿಯಾರ ನೋಡಿ ಸಮನಾಗಿ ಹಂಚಿ. ಪರದೆ ನಡುಮನೆಯಲ್ಲಿರಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಬೇಡ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವ ಅಭ್ಯಾಸ ಮೊದಲ ದಿನದಿಂದಲೇ ಆಗಲಿ. ಅಸರ್ ಹೊತ್ತಿಗೆ ಬಿಸಿಲು ಇಳಿದಾಗ ಇಬ್ಬರೂ ಎದ್ದು ಹೊರಗೆ ಹೋಗಿ ಆಡಿ ಬರಲಿ.

ಆರು ವಾರ ಹೀಗೆ ನಡೆದರೆ ರಜೆ ಮುಗಿಯುವ ಹೊತ್ತಿಗೆ ಮನೆಯಲ್ಲಿ ಎರಡು ಆಟ ಸಿದ್ಧವಾಗಿರುತ್ತವೆ. ಅವು ಅಂಗಡಿಯಲ್ಲಿ ಮಾರುವಷ್ಟು ಚೆನ್ನಾಗಿರಬೇಕಾಗಿಲ್ಲ. ಆದರೆ ಕೊನೆಯ ದಿನ ದಾದಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿ ಅಳಗುಳಿ ಮಣೆ ಆಡಿಸಿ. ಕನ್ನಡಕ ಸರಿಮಾಡಿಕೊಂಡು ಅವರು ನಾಲ್ಕು ಆಟ ಆಡಿ, "ಇಲ್ಲಿ ನಿನ್ನ ಯಂತ್ರ ಮೋಸ ಮಾಡ್ತು ನೋಡು" ಎಂದು ಒಂದು ತಪ್ಪು ಹಿಡಿದುಕೊಟ್ಟಾರು. ಮಗು ನೋಟ್‌ಬುಕ್ ತೆರೆದು ಅದನ್ನು ಬರೆದುಕೊಂಡೀತು. ಅಷ್ಟಾದರೆ, "ನನಗೂ ಮಾಡೋಕ್ಕೆ ಬರುತ್ತಾ?" ಎಂಬ ಪ್ರಶ್ನೆಗೆ ನೀವು ಉತ್ತರ ಕೊಟ್ಟಂತೆಯೇ.